ಎರೆ ಹೊಲಕ್ಕೆ ಇಳಿಸಿದ ಜೀಪು

ಚಳಿಗಾಲದಲ್ಲಿ ಗಾಡಿ ಓಡಿಸಲು ದೊಡ್ಡ ಟಯರು ಬೇಕೋ ಬೇಡವೋ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಇರಬೇಕೋ ಬೇಡವೋ ಎಂಬ ವಾದ ಕುಷ್ಟಗಿಯ ಚಹಾದಂಗಡಿಗಳಲ್ಲಿ ಪ್ರತಿ ವರ್ಷ ಒಮ್ಮೆಯಾದರೂ ಏಳುತ್ತದೆ. ಬೇರೆ ಕಡೆಯವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಚಳಿಗಾಲವೆಂದರೆ ತಿಳಿಯಾದ ಆಕಾಶ, ಒಣಗಿದ ರಸ್ತೆ. ಆದರೆ ಡಾಂಬರು ಬಿಟ್ಟು ಸ್ವಲ್ಪ ಒಳಗೆ ಹೋದರೆ ಎರೆ ಹೊಲಗಳು, ಎಲ್ಲ ಜಿಗುಟು ಕಪ್ಪು ಮಣ್ಣು. ಹಿಂಗಾರಿ ಜೋಳ ಎದೆಯುದ್ದ ನಿಂತಿರುತ್ತದೆ. ಬೆಳಗಿನ ಇಬ್ಬನಿ ಬಿದ್ದರೆ ಸಾಕು, ಬಂಡಿದಾರಿಯ ಮೇಲಿನ ಮಣ್ಣು ಬೆಣ್ಣೆ ಸವರಿದಂತಾಗುತ್ತದೆ. ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದು, ಅದರ ಕೊನೆಯ ಜಿಟಿಜಿಟಿ ನಮ್ಮ ಕಡೆ ಬಂದರಂತೂ ಮುಗಿಯಿತು. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ.

ಗಂಗಾವತಿ ಕಡೆಯ ಡ್ರೈವರುಗಳು ಫೋರ್‌ವೀಲ್ ಬೇಕೇ ಬೇಕು ಎನ್ನುತ್ತಾರೆ. ಅವರದು ಕಾಲುವೆ ನೀರಿನ ಕೆಸರು, ಕೆಳಗೆ ಎಲ್ಲೋ ಒಂದು ಗಟ್ಟಿ ನೆಲ ಸಿಗುತ್ತದೆ. ಯಲಬುರ್ಗಾ ಕಡೆಯವರು ಬೇಡ ಎನ್ನುತ್ತಾರೆ. ವಾದ ಬಿಸಿಯಾದಾಗ ಯಾರಾದರೊಬ್ಬರು ನನ್ನ ಕಡೆ ಕೈ ತೋರಿಸುತ್ತಿದ್ದರು. "ಇವರನ್ನ ಕೇಳ್ರಿ. ಫೋರ್‌ವೀಲ್ ಇಲ್ಲದ್ದಕ್ಕ ಇವರ ಅಕ್ಕನ ಕಾಲು ಹೋತು."

ಆಗ ನಾನು ಚಹಾದ ಕಪ್ಪು ಕೆಳಗಿಟ್ಟು ಹೇಳುತ್ತಿದ್ದೆ. ಎಷ್ಟೋ ವರ್ಷ ಹೇಳಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಹೇಳಿದ್ದೇನೆ. ಕೇಳಿದವರೆಲ್ಲ ನನ್ನ ಕಡೆಗೇ ಆಗುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಒಂದು ಸಂಗತಿಯನ್ನು ಮಾತ್ರ ಬಿಡುತ್ತಿದ್ದೆ. ಅದನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಹೈಸ್ಕೂಲಿನ ತನಕ ಮಾತ್ರ. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಬೇಕು. ಸಂಗತಿಯಲ್ಲಿ ಇನ್ನು ತಪ್ಪಿಲ್ಲ.

ತೊಂಬತ್ತೇಳರಲ್ಲಿ ಕೊಪ್ಪಳ ಹೊಸ ಜಿಲ್ಲೆಯಾಯಿತು. ಅದುವರೆಗೆ ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೋಗುತ್ತಿದ್ದ ಜನ ಕೊಪ್ಪಳಕ್ಕೆ ಹೋಗತೊಡಗಿದರು. ಬಸ್ಸು ಸಾಲುತ್ತಿರಲಿಲ್ಲ. ಬೇವೂರಿನ ಹತ್ತಿರದ ನಮ್ಮೂರಿನಿಂದ ಬೆಳಿಗ್ಗೆ ಒಂದು ಜೀಪು ಹೊರಟರೆ ಬಾನೆಟ್ಟಿನ ಮೇಲೂ ಜನ ಕೂಡುತ್ತಿದ್ದರು. ಆ ವರ್ಷ ನಾನು, ನನ್ನ ಅಕ್ಕನ ಗಂಡ ಇಬ್ಬರೂ ಕೂಡಿ ಗಂಗಾವತಿಯಿಂದ ಒಂದು ಹಳೆಯ ಜೀಪು ತಂದೆವು. ಅಕ್ಕನನ್ನು ಕೊಟ್ಟದ್ದು ಕುಷ್ಟಗಿ ಹತ್ತಿರದ ಊರಿಗೆ. ಭಾವನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಒಂದು ವಾರ ನಾನು ಓಡಿಸುವುದು, ಒಂದು ವಾರ ಅವರು. ಸೋಮವಾರ ಬೆಳಿಗ್ಗೆ ಕೀಲಿ ಕೈ ಬದಲಾಗುತ್ತಿತ್ತು. ಕೀಲಿ ಕೊಡುವಾಗ ಅವರು ಜೀಪಿನ ಬೆನ್ನು ತಟ್ಟಿ, ದನ ಮಾರುವವರ ಹಾಗೆ ನಕ್ಕು ಕೊಡುತ್ತಿದ್ದರು. ಅವರಷ್ಟು ನಂಬಿಕೆಯ ಮನುಷ್ಯ ನನಗೆ ಬೇರೆ ಯಾರೂ ಇರಲಿಲ್ಲ. ಇದನ್ನೂ ನಾನು ಚಹಾದಂಗಡಿಯಲ್ಲಿ ಹೇಳುತ್ತಿದ್ದೆ. ಹೇಳಿದರೆ ಮುಂದಿನ ಮೋಸಕ್ಕೆ ತೂಕ ಬರುತ್ತಿತ್ತು.

ಆ ಜೀಪಿಗೆ ಫೋರ್‌ವೀಲ್ ಇತ್ತು. ಗೊತ್ತಿಲ್ಲದವರಿಗೆ ಸರಳವಾಗಿ ಹೇಳುತ್ತೇನೆ. ಎಂಜಿನ್ನಿನ ಬಲ ಒಂದು ಉದ್ದನೆಯ ಕಬ್ಬಿಣದ ಶಾಫ್ಟಿನ ಮೂಲಕ ಹಿಂದಿನ ಗಾಲಿಗೆ ಹೋಗುತ್ತದೆ. ಈ ಜೀಪಿನಲ್ಲಿ ಅಂಥದ್ದೇ ಇನ್ನೊಂದು ಶಾಫ್ಟು ಮುಂದಿನ ಗಾಲಿಗೂ ಹೋಗುತ್ತಿತ್ತು. ಕೆಸರು ಬಂದಾಗ ಸೀಟಿನ ಪಕ್ಕದ ಸಣ್ಣ ಗೇರು ಎಳೆದರೆ ನಾಲ್ಕೂ ಗಾಲಿ ತಿರುಗುತ್ತಿದ್ದವು. ಟಯರುಗಳು ದೊಡ್ಡವು, ಟ್ರ್ಯಾಕ್ಟರಿನ ಟಯರಿನಂತೆ ಹಲ್ಲು ಹಲ್ಲಾಗಿದ್ದವು. ನನಗೆ ಆ ಸಣ್ಣ ಗೇರಿನ ಮೇಲೆ ಭಾಳ ಹೆಮ್ಮೆ. ಬೇಕಿಲ್ಲದಿದ್ದರೂ ಜನರ ಮುಂದೆ ಅದರ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಓಡಿಸುತ್ತಿದ್ದೆ.

ಮಾಮಾನಿಗೆ ಅದು ಬೇಡವಾಗಿತ್ತು. ನಾವು ಓಡಿಸುವುದು ಡಾಂಬರಿನ ಮೇಲೆ, ಮುಂದಿನ ಶಾಫ್ಟು ಸುಮ್ಮನೆ ತಿರುಗಿ ಡೀಸೆಲ್ ಕುಡಿಯುತ್ತದೆ, ಸ್ಟೇರಿಂಗ್ ಬಿಗಿ ಬರುತ್ತದೆ, ದೊಡ್ಡ ಟಯರಿಗೆ ತೋಳು ಬಿದ್ದುಹೋಗುತ್ತವೆ ಎನ್ನುತ್ತಿದ್ದರು. ಶಾಫ್ಟು ಬಿಚ್ಚಿಡೋಣ, ಸಾದಾ ಟಯರು ಹಾಕೋಣ ಎಂದು ಎರಡು ಮೂರು ಸಲ ಕೇಳಿದರು. ನಾನು ಒಪ್ಪಲಿಲ್ಲ. ಕೊನೆಯ ಸಲ ಸ್ವಲ್ಪ ಜೋರಾಗಿಯೇ, ನಮ್ಮ ಮನೆಯವರ ಮುಂದೆ, "ಶಾಫ್ಟ್ ಬಿಚ್ಚೂದಾದ್ರ ನನ್ನ ಪಾಲೂ ಬಿಚ್ಚಿ ಕೊಡ್ರಿ ಮಾಮಾ" ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಇಡೀ ಊರು ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಬದನೆಕಾಯಿ, ಕಡಬು, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಹೊಲದ ಸುತ್ತ ನಡೆದು, ನಿಂತ ಬೆಳೆಗೆ ಅನ್ನ ಎರಚುತ್ತೇವೆ. ಚರಗ ಚೆಲ್ಲುವುದು ಎನ್ನುತ್ತೇವೆ. ಬಸುರಿ ಭೂಮಿಗೆ ಉಣಿಸುವುದು ಎಂದು ಅವ್ವ ಹೇಳುತ್ತಿದ್ದಳು. ಆಮೇಲೆ ಎಲ್ಲರೂ ಅಲ್ಲೇ ಕುಳಿತು ಉಣ್ಣುವುದು. ಅಂದು ಅಕ್ಕನನ್ನು ತವರಿಗೆ ಕರೆತರುವುದು ನನ್ನ ಕೆಲಸ. ಆ ಸಲ ಮಾತ್ರ ಹಿಂದಿನ ದಿನವೇ ಗಂಡ ಹೆಂಡತಿ ಇಬ್ಬರೂ ತಾವೇ ಜೀಪು ತೆಗೆದುಕೊಂಡು ಬಂದಿದ್ದರು. ಆ ವಾರ ಮಾಮಾನ ಪಾಳಿ.

ಅದರ ಹಿಂದಿನ ಎರಡು ದಿನ ಹೊತ್ತಲ್ಲದ ಮಳೆ ಆಗಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಬಿಸಿಲು ಬಿತ್ತು. ಅವ್ವ ಅಂಗಳದಲ್ಲಿ ನಿಂತು ಮಣ್ಣು ಮುಟ್ಟಿ ನೋಡಿ, ಮಧ್ಯಾಹ್ನದ ತನಕ ತಡೆಯಿರಿ, ಮೇಲಿನ ಹಸಿ ಹಾರಲಿ, ಆಮೇಲೆ ಹೋಗೋಣ ಎಂದಳು. ಪಕ್ಕದ ಮನೆಯವರೂ ಬಂಡಿ ಹೂಡದೆ ಕಾಯುತ್ತಿದ್ದರು. ನಾನು ನಕ್ಕೆ. ನಮ್ಮದು ಬಂಡಿಯಲ್ಲ, ಫೋರ್‌ವೀಲ್ ಎಂದೆ.

ಇಲ್ಲಿಯ ತನಕ ನಾನು ಎಲ್ಲರಿಗೂ ಹೇಳಿದ್ದೇನೆ. ಇನ್ನು ಹೊರಡುವ ಮೊದಲು ನಡೆದದ್ದನ್ನು ಯಾರಿಗೂ ಹೇಳಿರಲಿಲ್ಲ.

ಅಮಾವಾಸ್ಯೆಗೆ ಗಾಡಿಯ ಪೂಜೆ ಮಾಡುವುದು ಡ್ರೈವರುಗಳ ಪದ್ಧತಿ. ಜೀಪನ್ನು ಬೋರಿನ ಹತ್ತಿರ ಒಯ್ದು ತೊಳೆದೆ. ಹಬ್ಬವೆಂದು ಅಡಿಗೂ ನೀರು ಹೊಡೆಯೋಣ ಎಂದು ಮಂಡಿಯೂರಿ ಬಗ್ಗಿದೆ. ಮುಂದಿನ ಶಾಫ್ಟು ಇರಲಿಲ್ಲ. ಇರಬೇಕಾದ ಜಾಗ ಖಾಲಿ ಇತ್ತು. ನಟ್ಟು ಕೂಡುವ ತೂತುಗಳಿಗೆ ಗ್ರೀಸು ಮೆತ್ತಿ, ಧೂಳು ಹೋಗದಂತೆ ಒಂದು ಬಟ್ಟೆ ಸುತ್ತಿ ತಂತಿ ಬಿಗಿದಿದ್ದರು. ಆ ಬಟ್ಟೆಯನ್ನು ನಾನು ಗುರುತಿಸಿದೆ. ಅಕ್ಕನ ಹಳೆಯ ಕುಪ್ಪಸದ ತುಂಡು.

ನೀರು ಹರಿಯುತ್ತಲೇ ಇತ್ತು. ನಾನು ಹಾಗೇ ಮಂಡಿಯೂರಿ ಕುಳಿತಿದ್ದೆ. ಅಷ್ಟು ಕಾಳಜಿಯಿಂದ ಬಟ್ಟೆ ಸುತ್ತಿದ್ದು ನನಗೆ ಬಿಚ್ಚಿದ್ದಕ್ಕಿಂತ ಹೆಚ್ಚು ಉರಿಯಿತು. ಕೂಡಿ ಮಾಡಿದ ಗಾಡಿ, ಬೇಡವೆಂದ ಮೇಲೂ ಕದ್ದು ಬಿಚ್ಚಿ, ಸೋಮವಾರ ನಗುತ್ತ ಕೀಲಿ ಕೈಗಿಟ್ಟಿದ್ದಾರೆ. ಯಾವ ಸೋಮವಾರದಿಂದ ಹೀಗೆ ಎಂದು ಲೆಕ್ಕ ಹಾಕಲು ನೋಡಿದೆ. ಆಗಲಿಲ್ಲ. ನಾನು ಆ ಗೇರಿನ ಗುಂಡಿ ಹಿಡಿದು ಜನರ ಮುಂದೆ ಮೆರೆದದ್ದೆಲ್ಲ ನೆನಪಾಯಿತು. ಅವರು ಅದನ್ನು ನೋಡಿ ಒಳಗೊಳಗೇ ನಕ್ಕಿರಬೇಕು ಎಂದುಕೊಂಡೆ.

ಆಗಲೇ ಒಳಗೆ ಹೋಗಿ ಕೇಳಬಹುದಿತ್ತು. ಅವರು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಅವ್ವ ಹತ್ತಿರವೇ ಇದ್ದಳು. ಕೇಳಿದ್ದರೆ ಒಂದು ಜಗಳವಾಗುತ್ತಿತ್ತು, ಅವರು ತಲೆ ಕೆರೆದುಕೊಂಡು ಹೌದು ಎನ್ನುತ್ತಿದ್ದರು, ಅವ್ವ ಇಬ್ಬರನ್ನೂ ಬೈದು ಊಟಕ್ಕೆ ಕೂಡಿಸುತ್ತಿದ್ದಳು. ನನಗೆ ಅಷ್ಟು ಸಾಕಾಗಿರಲಿಲ್ಲ. ಎಲ್ಲರ ಕಣ್ಣಿಗೆ ಬೀಳುವಂತೆ ಆಗಬೇಕಿತ್ತು. ಹೊಲದಲ್ಲಿ ಜೀಪು ಸಿಕ್ಕಿಬೀಳಲಿ, ಆಗ ತಾನಾಗಿ ಬಾಯಿಬಿಡುತ್ತಾರೆ ಎಂದು ಯೋಚಿಸಿದೆ. ಕುಂಕುಮ ಹಚ್ಚಿದೆ, ಊದುಬತ್ತಿ ಬೆಳಗಿದೆ. ನಾಲ್ಕೂ ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟೆ. ಬಲವಿಲ್ಲದ ಮುಂದಿನ ಎರಡು ಗಾಲಿಗೂ ಬಿಡದೆ ಇಟ್ಟೆ.

ಹೊಲದ ದಾರಿ ನಮ್ಮದೆಂದು ಸ್ಟೇರಿಂಗ್ ನಾನೇ ಹಿಡಿದೆ. ಮಾಮಾ ನನ್ನ ಪಕ್ಕ ಕುಳಿತರು. ಹಿಂದೆ ಅವ್ವ, ನನ್ನ ಹೆಂಡತಿ, ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ. ಅವಳ ಮಗ ಆಗ ಸಣ್ಣವನು, ಓಣಿಯ ಮಕ್ಕಳ ಜೊತೆ ಊರಲ್ಲೇ ಉಳಿದಿದ್ದ. ಡಾಂಬರು ಮುಗಿದು ಬಂಡಿದಾರಿ ತಿರುಗುವಲ್ಲಿ ಗಟ್ಟಿಯಾದ ಗರಸಿನ, ಸಣ್ಣ ಕಲ್ಲು ಬೆರೆತ ಮಣ್ಣಿನ, ಜಾಗವಿದೆ. ಅಲ್ಲಿ ಮಾಮಾ ಮಾತಾಡಿದರು.

"ತಮ್ಮಾ, ಇಲ್ಲೇ ನಿಂದ್ರಸು. ನಡಕೋಂತ ಹೋಗೂನು."

"ಯಾಕ್ರಿ ಮಾಮಾ? ಫೋರ್‌ವೀಲ್ ಐತಲ್ರಿ."

ನಾನು ಅವರ ಮುಖ ನೋಡಿ ಹೇಳಿದೆ. ಅವರು ಹೊರಗೆ ಜೋಳದ ಕಡೆ ನೋಡಿದರು. "ಹಸಿ ಭಾಳ ಐತಿ" ಎಂದಷ್ಟೇ ಅಂದರು.

ಹಿಂದಿನಿಂದ ಅಕ್ಕ ನಕ್ಕು, ನನ್ನ ತಮ್ಮನ ಜೀಪು ಹಳ್ಳ ಹಾರುತ್ತದೆ, ನೀವು ಸುಮ್ಮನಿರಿ ಎಂದು ಗಂಡನಿಗೆ ಚೇಷ್ಟೆ ಮಾಡಿದಳು. ನಾನು ಸಣ್ಣ ಗೇರು ಎಳೆದೆ. ಎಲ್ಲೂ ಹಲ್ಲು ಕೂಡದ ಗೇರು. ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ನಾನು ಅವರು ಹೇಳಲಿ ಎಂದು ಕಾದೆ. ಒಂದು ಮಾತು ಹೇಳಿದ್ದರೆ ಬ್ರೇಕು ಹಾಕುತ್ತಿದ್ದೆ, ಅಷ್ಟರ ಮಟ್ಟಿಗೆ ಖರೆ. ಅವರು ಹೇಳಲಿಲ್ಲ. ಮುಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಿದ್ದರು.

ನಮ್ಮ ಹೊಲಕ್ಕೆ ಹೋಗಲು ಒಂದು ಸಣ್ಣ ಹಳ್ಳ ದಾಟಬೇಕು. ಬೇಸಿಗೆಯಲ್ಲಿ ಅದು ಹಳ್ಳವೆಂದೇ ತಿಳಿಯುವುದಿಲ್ಲ. ಅದರ ಇಳಿಜಾರಿಗೆ ಬರುವಷ್ಟರಲ್ಲಿ ಟಯರಿನ ಹಲ್ಲುಗಳಲ್ಲಿ ಎರೆ ಮಣ್ಣು ತುಂಬಿ ಗಾಲಿಗಳು ನಯವಾದ ಕರಿ ಉರುಳೆಗಳಾಗಿದ್ದವು. ದೊಡ್ಡ ಟಯರು, ಆದ್ದರಿಂದ ಮಣ್ಣೂ ದೊಡ್ಡದಾಗಿಯೇ ಹಿಡಿಯಿತು. ಜೀಪು ಅಡ್ಡಡ್ಡ ಜಾರಿ, ಹಿಂದಿನ ಗಾಲಿಗಳು ಇಳಿಜಾರಿನಲ್ಲಿ ಹೂತು ನಿಂತಿತು.

ಎಲ್ಲರೂ ಇಳಿದರು. ಬುಟ್ಟಿಗಳನ್ನು ಬದುವಿನ ಮೇಲಿಟ್ಟು ಹೆಂಗಸರೂ ಹಿಂದಿನಿಂದ ನೂಕಲು ನಿಂತರು. ಮಾಮಾ ಕೂಡ ಇಳಿದು ಭುಜ ಕೊಟ್ಟರು. ಅಕ್ಕ ಹಿಂದಿನ ಬಲಗಾಲಿಯ ಪಕ್ಕ ನಿಂತಿದ್ದಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ದೂರ ಸರಿಯಕ್ಕಾ ಎಂದು ಹೇಳಬೇಕೆಂದುಕೊಂಡವನು ಹೇಳದೆ ಎಕ್ಸಲರೇಟರ್ ಒತ್ತಿದೆ. ಸಿಟ್ಟಿನಲ್ಲಿ ಒತ್ತಿದೆ. ಗಾಲಿ ಗಿರ್ರೆಂದು ತಿರುಗಿತು, ಜೀಪು ಮುಂದೆ ಹೋಗುವ ಬದಲು ಬಲಕ್ಕೆ ಜಾರಿತು. ಅವಳು ಬಿದ್ದಳು. ಗಾಲಿ ಅವಳ ಪಾದದ ಮೇಲೆ ಕುಳಿತಿತು.

ಕೆಳಗೆ ಮೆತ್ತಗಿನ ಮಣ್ಣು ಇದ್ದುದರಿಂದ ಕಾಲು ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು. ಎಲುಬು ಮಾತ್ರ ಉಳಿಯಲಿಲ್ಲ.

ನಾನು ಇಳಿದು ಓಡಿ ಬಂದೆ. ಮಾಮಾ ಜೀಪಿಗೆ ಬೆನ್ನು ಕೊಟ್ಟು ಎತ್ತುತ್ತಿದ್ದರು, ಅವ್ವ ಅಕ್ಕನ ತಲೆ ಹಿಡಿದಿದ್ದಳು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಅಕ್ಕನ ಬಗ್ಗೆ ಇರಲಿಲ್ಲ. "ಅಡ್ಯಾಗ ಬಗ್ಗಿ ನೋಡ್ರಿ, ಶಾಫ್ಟ್ ಇಲ್ಲ, ಇವರು ಬಿಚ್ಚಿ ನುಂಗ್ಯಾರ" ಎಂದೆ. ಪಕ್ಕದ ಹೊಲದವರು ಓಡಿ ಬಂದಿದ್ದರು. ಅವರು ಬಗ್ಗಿ ನೋಡಿದರು. ಜೀಪಿನ ಅಡಿಯಲ್ಲಿ ಬಿದ್ದಿದ್ದ ಅಕ್ಕ ಕೂಡ ಆ ಖಾಲಿ ಜಾಗವನ್ನು, ತನ್ನ ಕುಪ್ಪಸದ ತುಂಡನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಆ ನೋಟ ನನಗೆ ಬೇಕಾಗಿತ್ತು. ಸಿಕ್ಕಿತು.

ಅವಳನ್ನು ಬಂಡಿಯಲ್ಲಿ ಡಾಂಬರಿನ ತನಕ ತಂದು, ಅಲ್ಲಿಂದ ಒಂದು ಲಾರಿಯಲ್ಲಿ ಕೊಪ್ಪಳಕ್ಕೆ ಒಯ್ದೆವು. ಆ ವರ್ಷ ನಮ್ಮ ಹೊಲಕ್ಕೆ ಚರಗ ಬೀಳಲಿಲ್ಲ.

ಊರೆಲ್ಲ ಸುದ್ದಿಯಾಯಿತು. ಡೀಸೆಲ್ ಉಳಿಸಲು ಹೋಗಿ ಹೆಂಡತಿಯ ಕಾಲು ಮುರಿದ ಎಂದು ಮಾಮಾನ ಮೇಲೆ ಮಾತು ನಿಂತಿತು. ಶಾಫ್ಟನ್ನು ಗಂಗಾವತಿಯಲ್ಲಿ ಮಾರಿಕೊಂಡಿದ್ದಾರೆ ಎಂದು ಯಾರೋ ಸೇರಿಸಿದರು. ಒಂದು ದಿನ ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತಂದು, ಭುಜದ ಮೇಲೆ ಹೊತ್ತು ನಮ್ಮ ಬಾಗಿಲಲ್ಲಿ ಇಟ್ಟು ಹೋದರು. ಅದು ಅವರ ಮನೆಯ ಅಟ್ಟದ ಮೇಲೆಯೇ ಇತ್ತಂತೆ. ನಾನು ಜನರಿಗೆ, ಸಿಕ್ಕಿಬಿದ್ದ ಮೇಲೆ ತಂದುಕೊಟ್ಟ ಎಂದೆ.

ಅಕ್ಕ ಕಾಲು ಕೂಡುವ ತನಕ ನಮ್ಮಲ್ಲೇ ಇದ್ದಳು. ಕೂಡಿದ್ದು ಸೊಟ್ಟಗೆ. ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಳೆ ಕೀಳುವುದು ಅವಳಿಗೆ ಮತ್ತೆ ಆಗಲಿಲ್ಲ. ಮಾಮಾ ಕರೆಯಲು ಬಂದಾಗ ಅವಳು ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ. ಒಮ್ಮೆ ಅವರು ಕಟ್ಟೆಯ ಮೇಲೆ ತುಂಬಾ ಹೊತ್ತು ಕುಳಿತಿದ್ದರು. ನಾನು ಹೊರಗೆ ಬಂದು, "ಒಯ್ದು ಇನ್ನೇನು ಬಿಚ್ಚೂದು ಉಳದೈತ್ರಿ ಮಾಮಾ?" ಎಂದೆ. ಓಣಿಯಲ್ಲಿ ಯಾರೋ ನಕ್ಕರು. ಅವರು ಎದ್ದು ಹೋದರು. ಮುಂದೆ ನಾಗರಪಂಚಮಿ ಕಳೆದ ಮೇಲೆ, ಮಗನ ಸಾಲೆಗಾಗಿ ಅವಳು ತಾನೇ ಹೋದಳು. ಹೋದರೂ ಮನಸ್ಸು ಹೋಗಲಿಲ್ಲ. ಚಳಿ ಬಂದಾಗ ಅವಳ ಕಾಲು ನೋಯುತ್ತದೆ. ನೋವು ಬಂದಾಗಲೆಲ್ಲ ಶಾಫ್ಟು ಬಿಚ್ಚಿದ ಮಾತನ್ನೇ ಎತ್ತಿ ಗಂಡನಿಗೆ ಬೈಯುತ್ತಿದ್ದಳು. ಅವರು ತಮ್ಮ ಪಾಲು ಬಿಟ್ಟುಕೊಟ್ಟು, ಸ್ಟೇರಿಂಗ್ ಹಿಡಿಯುವುದನ್ನೇ ಬಿಟ್ಟು, ಗಿಣಿಗೇರಾದ ಕಾರ್ಖಾನೆಗೆ ಕೆಲಸಕ್ಕೆ ಹೋಗತೊಡಗಿದರು. ಆಗಿನಿಂದ ಅವರು ಯಾವ ಗಾಡಿಯ ಮುಂದಿನ ಸೀಟಿನಲ್ಲೂ ಕೂಡಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

ಶಾಫ್ಟನ್ನು ನಾನು ಮತ್ತೆ ಹಾಕಿಸಿದೆ. ಮರು ವರ್ಷ ಚಳಿಗಾಲದಲ್ಲಿ ಹಾಗೇ ಒಂದು ಹೊತ್ತಲ್ಲದ ಮಳೆ ಬಂತು. ಮಳೆ ನಿಂತ ಮರುದಿನ ಬೆಳಿಗ್ಗೆ ನಾನೊಬ್ಬನೇ ಜೀಪು ತೆಗೆದುಕೊಂಡು ಅದೇ ಬಂಡಿದಾರಿಗೆ ಇಳಿದೆ. ಯಾಕೆ ಹೋದೆ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು, ನಾನು ಹೇಳಿದ್ದು ಸರಿ ಎಂದು ನೋಡಲು. ಸಣ್ಣ ಗೇರು ಎಳೆದೆ. ಈ ಸಲ ಹಲ್ಲು ಕೂಡಿತು, ಮುಂದಿನ ಗಾಲಿಗಳು ಮಣ್ಣು ಕಚ್ಚಿ ಎಳೆದವು. ಅಕ್ಕ ಬಿದ್ದ ಜಾಗವನ್ನು ಜೀಪು ದಾಟಿತು. ನನಗೆ ಖುಷಿಯಾಯಿತು, ಇದನ್ನು ಮುಚ್ಚಿಡಬಾರದು. ಆದರೆ ಹಳ್ಳದ ತಳಕ್ಕೆ ಬರುವಷ್ಟರಲ್ಲಿ ನಾಲ್ಕೂ ಟಯರಿಗೆ ಮಣ್ಣು ಸುತ್ತಿ ಸುತ್ತಿ ಮಡ್‌ಗಾರ್ಡಿಗೆ ತಾಗಿ, ಗಾಲಿ ತಿರುಗುವುದೇ ನಿಂತಿತು. ಎಂಜಿನ್ನು ನಡುಗಿ ಬಂದ್ ಆಯಿತು. ಫೋರ್‌ವೀಲ್ ಮಾಡಿದ್ದು ಇಷ್ಟೆ. ದಂಡೆಯಲ್ಲಿ ಸಿಕ್ಕಿಬೀಳಬೇಕಾದ ಜೀಪನ್ನು ನಡುಹಳ್ಳಕ್ಕೆ ಒಯ್ದು ಸಿಕ್ಕಿಸಿತು.

ಎತ್ತು ಕಟ್ಟಿ ಎಳೆಸಬೇಕಾಯಿತು. ಎತ್ತು ತಂದ ಪಕ್ಕದ ಹೊಲದವನು ಬಗ್ಗಿ ನೋಡಿದ. "ಶಾಫ್ಟ್ ಐತಲ್ಲಪಾ ಈಗ?" ಎಂದ. ಗೇರು ಹಾಕಲು ಮರೆತೆ ಎಂದು ಸುಳ್ಳು ಹೇಳಿದೆ. ಆ ಹೊತ್ತಿಗೆ ಮಧ್ಯಾಹ್ನವಾಗಿ ಬಿಸಿಲು ಏರಿತ್ತು. ನಾವು ಹಗ್ಗ ಬಿಚ್ಚುತ್ತಿರುವಾಗಲೇ ಒಂದು ಸವಾರಿ ಬಂಡಿ ಮೇಲಿನ ಒಣಗಿದ ದಾರಿಯಲ್ಲಿ ಆರಾಮವಾಗಿ ಬಂದು, ನಮ್ಮ ಪಕ್ಕದಲ್ಲೇ ಹಳ್ಳ ದಾಟಿ ಹೋಯಿತು. ಸಪೂರ ಗಾಲಿ, ಒಂದು ಮಧ್ಯಾಹ್ನದ ಬಿಸಿಲು. ನಮ್ಮ ಎರೆ ಹೊಲಕ್ಕೆ ಬೇಕಾದದ್ದು ಅಷ್ಟೇ ಆಗಿತ್ತು.

ಅಂದರೆ ಶಾಫ್ಟು ಇದ್ದರೂ ಅಂದು ಜೀಪು ದಾಟುತ್ತಿರಲಿಲ್ಲ. ಇದು ನನಗೆ ಅವಳು ಬಿದ್ದ ಮರು ವರ್ಷವೇ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಚಹಾದಂಗಡಿಯಲ್ಲಿ ಅದೇ ಕಥೆ ಹೇಳಿದೆ. ಮೋಸ ಹೋದವನಿಗೆ ಜನರ ನಡುವೆ ಒಂದು ಜಾಗ ಸಿಗುತ್ತದೆ. ಬೆಂಚಿನ ಮೇಲೆ ಸರಿದು ಕೂಡಿಸಿಕೊಳ್ಳುತ್ತಾರೆ. ಆ ಜಾಗ ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ. ಮಾಮಾ ನನಗೆ ಮೋಸ ಮಾಡಿದ್ದು ಈಗಲೂ ನನಗೆ ಮೋಸವೇ. ನೆನೆದರೆ ಈಗಲೂ ಉರಿಯುತ್ತದೆ. ಅದಕ್ಕೇ ಬಹುಶಃ ಅದರ ಹಿಂದೆ ನಿಂತು ಇಷ್ಟು ವರ್ಷ ಬದುಕುವುದು ಸುಲಭವಾಯಿತು.

ಕಳೆದ ಚಳಿಗಾಲದಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಈಗ ದಾಳಿಂಬೆ ತೋಟ ಮಾಡಿದ್ದಾನೆ. ಹೊಸ ಗಾಡಿ ಕೊಳ್ಳುವವನಿದ್ದ. ದೊಡ್ಡ ಟಯರಿನದು, ಫೋರ್‌ವೀಲ್ ಇರುವುದು. ಫೋನಿನಲ್ಲಿ ಅದರ ಚಿತ್ರ ತೋರಿಸಿ ನನ್ನ ಅಭಿಪ್ರಾಯ ಕೇಳಿದ. ಮಾಮಾ ಅಲ್ಲೇ ಗೋಡೆಗೊರಗಿ ತೊಗರಿಕಾಯಿ ಸುಲಿಯುತ್ತಿದ್ದರು. ಕೆಲಸದಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದರು. ತೋಟದ ದಾರಿಗೆ ಸಾದಾ ಗಾಡಿ ಸಾಕಲ್ಲವೇ ಎಂದು ಅವರು ಮೆಲ್ಲಗೆ ಅಂದರು. ಮಗ ಅವರ ಕಡೆ ತಿರುಗಲಿಲ್ಲ. ನನಗೇ ಹೇಳಿದ.

"ಅಪ್ಪ ಒಮ್ಮೆ ಉಳಸಾಕ ಹೋಗಿ ಅವ್ವನ ಕಾಲು ಕಳದಾನ ಮಾವಾ. ನಾ ಆ ತಪ್ಪು ಮಾಡಾಂವಲ್ಲ."

ಮಾಮಾ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಆ ಮಾತು ಆ ಮನೆಯಲ್ಲಿ ಹೊಸದಲ್ಲ ಎಂದು ಅಕ್ಕನ ಮುಖ ನೋಡಿದರೆ ತಿಳಿಯುತ್ತಿತ್ತು. ಹುಡುಗ ಸಣ್ಣವನಿದ್ದಾಗ ಅದನ್ನು ಅವನಿಗೆ ಮೊದಲು ಹೇಳಿಕೊಟ್ಟವನು ನಾನು. ನಮ್ಮ ಮನೆಯ ಕಟ್ಟೆಯ ಮೇಲೆ, ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದ್ದೆ. ಗಾಡಿ ಛಲೋ ಐತಿ ಎಂದಷ್ಟೇ ಹೇಳಿ ಅಂದು ಊರಿಗೆ ಬಂದೆ.

ಕೆಲವು ದಿನ ಬಿಟ್ಟು ಮತ್ತೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ ಕೂಡಲಾಗದ್ದರಿಂದ ಅವಳಿಗೆ ಕಲ್ಲಿನ ಕಟ್ಟೆ ಮಾಡಿಸಿಕೊಟ್ಟಿದ್ದಾರೆ. ಅದಕ್ಕೆ ಒರಗಿ ನಿಂತು ಬಡಿಯುತ್ತಾಳೆ. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ಬೋರಿನ ನೀರು, ಮಂಡಿಯೂರಿದ್ದು, ಖಾಲಿ ಜಾಗ, ಅವಳ ಕುಪ್ಪಸದ ತುಂಡು. ಅವಳ ಕೈ ನಿಂತಿತು.

"ನೀ ನೋಡಿದ್ದಿ?"

"ನೋಡಿದ್ನಿ."

"ನಾ ಗಾಡಿ ಹತ್ತೂಕಿಂತ ಮೊದಲು?"

"ಮೊದಲು."

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅವಳು ಅದನ್ನು ಮಗುಚಲಿಲ್ಲ.

"ಅವರು ನಿನ್ನಿಂದ ಶಾಫ್ಟ್ ಮುಚ್ಚಿಟ್ರು" ಎಂದಳು. ಮತ್ತೆ, "ನೀ ನನ್ನ ಕುಂದ್ರಿಸಿಕೊಂಡು ಇಳಿಸಿದಿ" ಎಂದಳು. ದನಿ ಏರಿರಲಿಲ್ಲ. "ಇಷ್ಟು ವರ್ಷ ಛಳಿ ಬಂದಾಗೆಲ್ಲ ನಾ ಯಾರಿಗೆ ಬೈದ್ನಿ ತಮ್ಮಾ?"

ಅವಳು ಹಿಟ್ಟಿನ ಕೈಯಲ್ಲೇ ಕುಂಟುತ್ತ ಹಿತ್ತಿಲ ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ಮಗನನ್ನೂ ಕರೆದಳು. ಇಬ್ಬರೂ ಬಂದು ನಿಂತಾಗ, ಈಗ ತನಗೆ ಹೇಗೆ ಹೇಳಿದೆಯೋ ಹಾಗೆಯೇ ಹೇಳು, ಒಂದು ಮಾತೂ ಬಿಡಬೇಡ ಎಂದಳು. ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಹುಡುಗ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಂತರ ನೆಲ ನೋಡತೊಡಗಿದ.

ಮಾಮಾ ನನಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೈಯಲ್ಲಿದ್ದ ಮಣ್ಣನ್ನು ಟವೆಲ್ಲಿಗೆ ಒರೆಸಿಕೊಂಡರು. ನಾನು ನೋಡಿ ತಿಳಿದೂ ಜೀಪು ಇಳಿಸಿದ ಬಗ್ಗೆ ಅವರು ಏನೂ ಕೇಳಲಿಲ್ಲ.

"ತಮ್ಮಾ, ಒಂದ ಕೇಳತೀನಿ. ಶಾಫ್ಟ್ ಇದ್ದಿದ್ರ ದಾಟತಿತ್ತೇನು?"

ಆ ಪ್ರಶ್ನೆ ಅಂದು ಹುಟ್ಟಿದ್ದಲ್ಲ ಎಂದು ಅವರ ದನಿಯಲ್ಲಿ ತಿಳಿಯಿತು. ಗಿಣಿಗೇರಾಕ್ಕೆ ಹೋಗುವ ಬಸ್ಸಿನಲ್ಲಿ, ಪಾಳಿ ಮುಗಿಸಿ ಬರುವಾಗ, ಹೆಂಡತಿ ಕಾಲು ನೀವಿಕೊಳ್ಳುವುದನ್ನು ನೋಡುವಾಗ, ಅವರು ಅದನ್ನು ಕೇಳಿಕೊಂಡೇ ಇದ್ದಿರಬೇಕು. ಉತ್ತರ ನನ್ನ ಹತ್ತಿರ ಇತ್ತು.

"ಇಲ್ರಿ ಮಾಮಾ. ದಾಟತಿರಲಿಲ್ಲ."

ನಿನಗೆ ಹೇಗೆ ಗೊತ್ತು ಎಂದು ಹುಡುಗ ಕೇಳಿದ. ಅದೇ ಹಳ್ಳ, ಹಾಕಿಸಿದ ಶಾಫ್ಟು, ಎಳೆಸಿದ ಎತ್ತು, ಹೇಳಿದ ಸುಳ್ಳು, ಎಲ್ಲ ಹೇಳಿದೆ.

"ಮರು ವರ್ಷನಽ ಗೊತ್ತಾತು?" ಎಂದರು ಮಾಮಾ.

"ಹೂಂ."

"ಅವಾಗರ ಒಂದ ಮಾತು ಹೇಳಬೇಕಿತ್ತಲ್ಲೋ."

ಅಷ್ಟೇ. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಬೈದಂತೆ ಕೇಳಿದ್ದು ಅದೊಂದೇ. ಅವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಅಂಗಳ ದಾಟಿ ರಸ್ತೆಯ ಕಡೆ ಹೋದರು. ಹುಡುಗ ಅಪ್ಪಾ ಎಂದು ಕರೆಯುತ್ತ ಅವರ ಹಿಂದೆ ಹೋದ. ಅವರು ನಿಲ್ಲಲಿಲ್ಲ, ಆದರೆ ನಡಿಗೆ ಸ್ವಲ್ಪ ನಿಧಾನ ಮಾಡಿದರು.

ಅಕ್ಕ ಸೀದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು, ಇನ್ನೊಂದು ಉಂಡೆ ನಾದತೊಡಗಿದಳು. ಬುಟ್ಟಿಯಲ್ಲಿ ರೊಟ್ಟಿಗಳಿದ್ದವು, ಪುಂಡಿಪಲ್ಯ ಒಲೆಯ ಪಕ್ಕದಲ್ಲಿತ್ತು, ಹೊತ್ತು ಊಟದ್ದೇ. ನಾನು ಅವಳ ಮನೆಗೆ ಹೋಗಲು ಶುರು ಮಾಡಿದಾಗಿನಿಂದ ಅವಳು ನನ್ನನ್ನು ಉಣ್ಣದೆ ಕಳಿಸಿದ್ದಿಲ್ಲ. ಕಾಲಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಯಲ್ಲಿದ್ದಾಗಲೂ ಮಲಗಿದಲ್ಲಿಂದಲೇ, ಅವನಿಗೆ ನೀಡ್ರಿ ಎನ್ನುತ್ತಿದ್ದಳು. ನಾನು ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಂತೆ. ಅವಳು ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು, ಮಗುಚಿದಳು. ನನ್ನ ಕಡೆ ನೋಡಲಿಲ್ಲ. ಊಟದ ಮಾತು ಎತ್ತಲಿಲ್ಲ.

ನಾನು ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.